ವರ್ಚುವಲ್‌ಬಾಕ್ಸ್‌ನಿಂದ ಎಸ್‌ಎಸ್‌ಡಿಗೆ ಇಳಿಸಿದ ಡೆಬಿಯನ್ ಬೂಟ್ ಆಗುತ್ತಿಲ್ಲ, ಎರಡು ಮೆಷಿನ್‌ನಲ್ಲಿ ಎರಡು ಥರ

ನೀರ್ಚಾಲು_ಓದುಗ
ನಮಸ್ಕಾರ. ಬದಿಯಡ್ಕ ಹತ್ತಿರದ ನಮ್ಮ ವಾಚನಾಲಯದ ಪುಸ್ತಕಗಳ ಪಟ್ಟಿಗೆ ಕೋಹಾ (ಗ್ರಂಥಾಲಯದ ಸಾಫ್ಟ್‌ವೇರ್) ಹಾಕಿದ್ದೇವೆ. ಕನ್ನಡ, ಮಲಯಾಳ ಎರಡೂ ಪುಸ್ತಕ ಇವೆ, ಎಲ್ಲವನ್ನೂ ತುಂಬಿಸಿದ್ದು ನನ್ನ ಲ್ಯಾಪ್‌ಟಾಪ್‌ನ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಒಳಗಿನ ಡೆಬಿಯನ್ 12 ಲಿನಕ್ಸ್‌ನಲ್ಲಿ. ಅದರ ಡಿಸ್ಕ್ ಇರುವ ವಿಡಿಐ ಫೈಲನ್ನು ರಾ (ನೇರ ಡಿಸ್ಕ್ ಪ್ರತಿ) ಮಾಡಿ, ಡಿಡಿ ಕಮಾಂಡ್ ಹೊಡೆದು ಎಸ್‌ಎಸ್‌ಡಿಗೆ ಇಳಿಸಿದೆ. ಹೊಸ ಮಿನಿ ಪಿಸಿಗೆ ಹಾಕಿದರೆ ‘ನೋ ಬೂಟಬಲ್ ಡಿವೈಸ್’. ಅದೇ ಎಸ್‌ಎಸ್‌ಡಿಯನ್ನು ವಾಚನಾಲಯದ ಹಳೇ ಡೆಸ್ಕ್‌ಟಾಪ್‌ಗೆ ಸಿಕ್ಕಿಸಿದರೆ ಗ್ರಬ್ (ಬೂಟ್ ಮೆನು) ಬರುತ್ತದೆ, ಕರ್ನಲ್ ಶುರುವಾಗುತ್ತದೆ, ಆಮೇಲೆ ರೂಟ್ ಫೈಲ್ ಸಿಸ್ಟಮ್‌ಗೆ ಕಾದು ಕಾದು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ತೆರೆಯುವ ಪುಟ್ಟ ವ್ಯವಸ್ಥೆ) ಪ್ರಾಂಪ್ಟ್‌ಗೆ ಬೀಳುತ್ತದೆ. ಕಾಪಿಯೇ ಕೆಟ್ಟಿದೆಯಾ? ಮತ್ತೆ ಮೊದಲಿಂದ ತುಂಬಿಸುವುದು ಸಾಧ್ಯವೇ ಇಲ್ಲ.

ಪೆರ್ಲ_ಪೆಂಗ್ವಿನ್
ಹೆದರಬೇಡಿ ಮಾರಾಯ್ರೆ, ಕಾಪಿ ಸರಿಯಾಗಿಯೇ ಇರುವ ಹಾಗಿದೆ. ಗ್ರಬ್ ಬಂದು ಕರ್ನಲ್ ಎದ್ದಿದೆ ಅಲ್ವಾ. ಇವು ಬೇರೆ ಬೇರೆ ಎರಡು ತೊಂದರೆ, ಒಂದೇ ಮದ್ದು ಹುಡುಕಬೇಡಿ.

ಹಳೇ ಡೆಸ್ಕ್‌ಟಾಪ್ ಮೊದಲು. ಆ ಪ್ರಾಂಪ್ಟ್‌ನಲ್ಲಿ ‘ಕ್ಯಾಟ್ /ಪ್ರೊಕ್/ಪಾರ್ಟಿಷನ್ಸ್’ ಕೊಡಿ. ಡಿಸ್ಕ್ ಕಂಡರೆ ಯುಯುಐಡಿ (ಪಾರ್ಟಿಷನ್‌ನ ಗುರುತು ಸಂಖ್ಯೆ) ಹೊಂದುತ್ತಿಲ್ಲ ಎಂದು ಅರ್ಥ, ‘ಬಿಎಲ್‌ಕೆಐಡಿ’ ಹೇಳುವುದನ್ನೂ ಕರ್ನಲ್ ಸಾಲನ್ನೂ ತಾಳೆ ನೋಡಿ. ಡಿಸ್ಕೇ ಕಾಣದಿದ್ದರೆ ಕಂಟ್ರೋಲರ್‌ನ ಡ್ರೈವರ್ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಇಲ್ಲ. ಡೆಬಿಯನ್ ಹಾಕುವಾಗ ‘ಟಾರ್ಗೆಟೆಡ್’ ಆರಿಸಿದ್ದರೆ ಆ ಹೊತ್ತಿನ ಮೆಷಿನ್‌ಗೆ ಬೇಕಾದ ಡ್ರೈವರ್ ಮಾತ್ರ ಅದರಲ್ಲಿ ಇರುತ್ತದೆ. ವರ್ಚುವಲ್‌ಬಾಕ್ಸ್‌ನ ಸಾಟಾ ಡಿಸ್ಕ್‌ಗೆ ಬೇಕಾದ್ದು ಎಎಚ್‌ಸಿಐ ಡ್ರೈವರ್. ನಿಮ್ಮ ಡೆಸ್ಕ್‌ಟಾಪ್‌ನ ಬಯೋಸ್‌ನಲ್ಲಿ ಸಾಟಾ ‘ಐಡಿಇ’ ಎಂದು ಇರಬಹುದು, ಎಎಚ್‌ಸಿಐ ಮಾಡಿ ನೋಡಿ. ಸರಿಯಾದ ದಾರಿ ಅಂದರೆ ವಿಎಂ (ವರ್ಚುವಲ್‌ಬಾಕ್ಸ್‌ನ ಡೆಬಿಯನ್) ಒಳಗೇ ‘ಮಾಡ್ಯೂಲ್ಸ್=ಮೋಸ್ಟ್’ ಮಾಡಿ (‘ಡ್ರೈವರ್-ಪಾಲಿಸಿ’ ಫೈಲ್‌ನಲ್ಲಿ ‘ಡೆಪ್’ ಇದ್ದರೆ ಅಲ್ಲೂ ಬದಲಿಸಿ), ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್’ ಓಡಿಸಿ, ಆಮೇಲೆ ಕಾಪಿ ಮಾಡುವುದು.

ಉಪ್ಪಳ_ಸರ್ವರ್
ಮಿನಿ ಪಿಸಿ ಬಗ್ಗೆ ನಾನು ಹೇಳುತ್ತೇನೆ. ಇಎಫ್‌ಐ (ಹೊಸ ರೀತಿಯ ಬೂಟ್) ಟಿಕ್ ಮಾಡದೆ ವಿಎಂ ಮಾಡಿದ್ದರೆ ಗ್ರಬ್ ಕೂತಿರುವುದು ಡಿಸ್ಕಿನ ಎಂಬಿಆರ್‌ನಲ್ಲಿ (ಮೊದಲ ಸೆಕ್ಟರ್). ಹೊಸ ಪಿಸಿಗಳಲ್ಲಿ ಸುಮಾರು ಯುಇಎಫ್‌ಐ ಮಾತ್ರ ಬರುತ್ತವೆ, ಅವು ಎಂಬಿಆರ್ ಕಡೆ ನೋಡುವುದೇ ಇಲ್ಲ. ಅವಕ್ಕೆ ಫ್ಯಾಟ್32ರ ಇಎಸ್‌ಪಿ (ಬೂಟ್ ಫೈಲ್‌ಗಳ) ಪಾರ್ಟಿಷನ್ ಬೇಕು. ಲೈವ್ ಯುಎಸ್‌ಬಿಯಿಂದ ಜಿಪಾರ್ಟೆಡ್ ತೆರೆದು ರೂಟನ್ನು ಕುಗ್ಗಿಸಿ 512 ಎಂಬಿ ಬಿಡಿಸಿಕೊಂಡು ಇಎಸ್‌ಪಿ ಮಾಡಿ, ಕ್ರೂಟ್ ಆಗಿ (ಲೈವ್‌ನಿಂದ ಎಸ್‌ಎಸ್‌ಡಿಯ ಡೆಬಿಯನ್ ಒಳಗೆ ಹೋಗಿ) ‘ಗ್ರಬ್-ಇಎಫ್‌ಐ-ಎಎಂಡಿ64’ ಹಾಕಿ, ‘ಗ್ರಬ್-ಇನ್‌ಸ್ಟಾಲ್’ ಜತೆ ‘--ರಿಮೂವಬಲ್’ ಕೊಡಿ. ಬೂಟ್ ಎಂಟ್ರಿ ಮದರ್‌ಬೋರ್ಡ್‌ನ ಎನ್‌ವಿರ‍್ಯಾಮ್‌ನಲ್ಲಿ ಇರುವುದರಿಂದ ಡಿಸ್ಕ್ ಜತೆ ಅದು ಬರುವುದಿಲ್ಲ. ‘ರಿಮೂವಬಲ್’ ಕೊಟ್ಟರೆ ಎಂಟ್ರಿ ಇಲ್ಲದಿದ್ದರೂ ಫರ್ಮ್‌ವೇರ್ ಹುಡುಕುವ ಮಾಮೂಲಿ ಜಾಗದಲ್ಲೇ ಗ್ರಬ್ ಕೂರುತ್ತದೆ. ಸೆಕ್ಯೂರ್ ಬೂಟ್ ಸದ್ಯಕ್ಕೆ ಆಫ್ ಮಾಡಿ. ವಿಡಿಐ ಮಾತ್ರ ಅಳಿಸಬೇಡಿ.

ನೀರ್ಚಾಲು_ಓದುಗ
ತುಂಬಾ ಉಪಕಾರ ಆಯ್ತು! ಡಿಸ್ಕ್ ಕಾಣುತ್ತಿರಲಿಲ್ಲ, ಬಯೋಸ್‌ನಲ್ಲಿ ಐಡಿಇ ಇತ್ತು. ಎಎಚ್‌ಸಿಐ ಮಾಡಿದ ಕೂಡಲೇ ಲಾಗಿನ್ ಬಂತು, ಪಟ್ಟಿ ಪೂರ್ತಿ ಇದೆ. ಆದರೆ ನೆಟ್‌ವರ್ಕ್ ಇಲ್ಲ, ಪಕ್ಕದ ಕಂಪ್ಯೂಟರಿಂದ ಕೋಹಾ ತೆರೆಯುತ್ತಿಲ್ಲ.

ಪೆರ್ಲ_ಪೆಂಗ್ವಿನ್
ವರ್ಚುವಲ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಹೆಸರು ‘ಇಎನ್‌ಪಿ0ಎಸ್3’, ಡೆಸ್ಕ್‌ಟಾಪ್‌ನಲ್ಲಿ ಬೇರೆ ಇರುತ್ತದೆ. ‘ಐಪಿ ಲಿಂಕ್’ ತೋರಿಸುವ ಹೆಸರನ್ನು ‘/ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್’ನಲ್ಲಿ ಬರೆದು ರೀಸ್ಟಾರ್ಟ್ ಮಾಡಿ. ಮಿನಿ ಪಿಸಿಗೆ ಹೋದಾಗಲೂ ಇದು ಮತ್ತೆ ಬದಲಾಗುತ್ತದೆ.