ಸ್ಟ್ಯಾಟಿಕ್ ಐಪಿಗೆ ಕನ್ನಡದಲ್ಲಿ ಏನು? (ತುರ್ತು)

ಶಿರಸಿಯಿಂದ:
ನಾಳೆ ಬೆಳಿಗ್ಗೆ ಒಂದು ಫಲಕದ ಒಕ್ಕಣೆ ಬರೆಯುವವನ ಕೈಗೆ ಹೋಗಬೇಕು. ನಾನು ಲೆಕ್ಕ ಬರೆಯುವ ಅಡಿಕೆ ವ್ಯಾಪಾರದ ಕಚೇರಿಯಲ್ಲಿ ನಾಲ್ಕು ಪ್ರಿಂಟರುಗಳಿಗೆ ಒಂದೇ ಪ್ರಿಂಟ್ ಸರ್ವರ್, ಅಂದರೆ ಕಂಪ್ಯೂಟರುಗಳು ಕಳಿಸಿದ್ದನ್ನು ಪ್ರಿಂಟರಿಗೆ ಮುಟ್ಟಿಸುವ ಯಂತ್ರ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂತೆಂದರೆ ರೂಟರ್ ಅದಕ್ಕೆ ಬೇರೆ ಐಪಿ ವಿಳಾಸ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಟ್ಟುಬಿಡುತ್ತಿತ್ತು. ಕಂಪ್ಯೂಟರುಗಳು ಹಳೆಯ ವಿಳಾಸಕ್ಕೇ ಕಳಿಸುತ್ತ ಕೂರುತ್ತಿದ್ದವು, ಬಿಲ್ಲು ಹೊರಬರುತ್ತಿರಲಿಲ್ಲ. ಈಗ 192.168.1.200 ಎಂದು ಕೈಯಾರೆ ಕೊಟ್ಟು, ರೂಟರ್ ಹಂಚುವ ಸಾಲಿನಿಂದ ಆ ಸಂಖ್ಯೆಯನ್ನು ಹೊರಗಿಟ್ಟಿದ್ದೇವೆ. ಹೀಗೆ ಬದಲಾಗದಂತೆ ಕೊಟ್ಟದ್ದೇ ಸ್ಟ್ಯಾಟಿಕ್ ಐಪಿ. ಇದನ್ನು ಯಾರೂ ಮುಟ್ಟಬಾರದೆಂದು ಬರೆಯಬೇಕು. ‘ಸ್ಥಿರ’ ಎಂದರೆ ‘ಸ್ಥಿರಾಸ್ತಿಯೇ?’ ಎಂದು ಕೇಳುತ್ತಾರೆ.

ಹೊನ್ನಾವರದಿಂದ:
ಪದ ನಮ್ಮ ಅಂಗಳದಲ್ಲೇ ಬಿದ್ದಿದೆ. ರೂಟರ್ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿ ವಿಳಾಸವನ್ನು ದಾನ ಮಾಡುವುದಿಲ್ಲ, ಇಷ್ಟು ಹೊತ್ತಿಗೆಂದು ‘ಲೀಸ್’ ಕೊಡುತ್ತದೆ. ಅವಧಿ ಅರ್ಧ ಕಳೆಯುತ್ತಲೇ ಯಂತ್ರ ಹೋಗಿ ಮುಂದುವರಿಸಿ ಎಂದು ಕೇಳಿಕೊಳ್ಳುತ್ತದೆ. ಇದು ಗೇಣಿಯಲ್ಲದೆ ಇನ್ನೇನು? ಧಣಿ ಬೇಕೆಂದಾಗ ಬಿಡಿಸುವುದು ಚಾಲಗೇಣಿ, ತಲೆಮಾರು ಕಳೆದರೂ ಕದಲದ್ದು ಮೂಲಗೇಣಿ. ‘ಮೂಲಗೇಣಿ ವಿಳಾಸ’ ಎಂದು ಧೈರ್ಯವಾಗಿ ಬರೆಯಿರಿ.

ಕಾರವಾರದಿಂದ:
ತಪ್ಪು. ಯಂತ್ರದಲ್ಲೇ ಕೈಯಾರೆ ಬರೆದ ವಿಳಾಸಕ್ಕೆ ಧಣಿಯೇ ಇಲ್ಲ, ಗೇಣಿ ಎಲ್ಲಿಂದ ಬಂತು? ರೂಟರಿನೊಳಗೆ ಸರ್ವರಿನ ಮ್ಯಾಕ್ ಸಂಖ್ಯೆಗೆ (ತಯಾರಿಸುವಾಗಲೇ ಯಂತ್ರಕ್ಕೆ ಕೊಟ್ಟ ಗುರುತಿಗೆ) ಒಂದು ವಿಳಾಸವನ್ನು ಕಾದಿರಿಸಿದರೆ ಅದನ್ನು ಬೇಕಾದರೆ ಮೂಲಗೇಣಿ ಎನ್ನಿ. 1974ರ ಭೂಸುಧಾರಣೆಯಲ್ಲಿ ಹೊಲದಿಂದ ಹೋದ ಗೇಣಿಯನ್ನು ಪ್ರಿಂಟರಿನ ಮೇಲೆ ಕೂರಿಸುವ ಉತ್ಸಾಹ ನನಗಿಲ್ಲ. ‘ವಿಳಾಸ’ವೂ ಸಂಸ್ಕೃತದ ‘ವಿಲಾಸ’ವೇ. ‘ನೆಲೆಯೆಣಿಕೆ’ ಎಂದರೆ ಸಾಕು, ಅಚ್ಚಗನ್ನಡ.

ಹೊನ್ನಾವರದಿಂದ:
ಕಾದಿರಿಸುವ ಮಾತು ಸರಿ, ಒಪ್ಪಿದೆ. ಆದರೆ ‘ನೆಲೆಯೆಣಿಕೆ’ ಯಾರ ಮನೆಯ ಕನ್ನಡ? ತಿಂಗಳ ಮೊದಲ ದಿನ ಪಗಾರ ಎಣಿಸಿ, ಚಾವಿ ತಿರುಗಿಸಿ ಒಳಗೆ ಹೋಗುವ ಕಾರವಾರದವರು ಅಚ್ಚಗನ್ನಡ ಕಲಿಸಬೇಕಾಗಿಲ್ಲ. ಪಗಾರ, ಚಾವಿ ಎರಡೂ ಪೋರ್ಚುಗೀಸರದು.

ಕಾರವಾರದಿಂದ:
ಬಂದದ್ದು ಬಂತು, ಇರಲಿ. ಇನ್ನಷ್ಟು ತನ್ನಿ ಎಂದು ಅದರ ಅರ್ಥವಲ್ಲ. ಹೀಗೆಯೇ ಬಿಟ್ಟರೆ ನಾಳೆ ವಿಭಕ್ತಿ ಪ್ರತ್ಯಯವಷ್ಟೇ ಕನ್ನಡದ್ದಾಗಿ ಉಳಿಯುತ್ತದೆ.

ಶಿರಸಿಯಿಂದ:
ಫಲಕ ಹೋಯಿತು. ‘ಇದು ಪ್ರಿಂಟ್ ಸರ್ವರಿನ ಕಾಯಂ ವಿಳಾಸ. ಬದಲಿಸಬೇಡಿ.’ ಅರ್ಜಿ ತುಂಬುವಾಗಲೆಲ್ಲ ಬರೆದು ರೂಢಿಯಾದ ಮಾತು, ಯಾರೂ ಅರ್ಥ ಕೇಳಲಿಲ್ಲ. ‘ಕಾಯಂ’ ಅರಬ್ಬಿಯಿಂದ ಬಂದದ್ದೆಂದು ಗೊತ್ತಿದೆ, ದಯವಿಟ್ಟು ಯಾರೂ ಬರೆಯಬೇಡಿ.