ಪ್ರಭಾರ ಮುಖ್ಯ ಶಿಕ್ಷಕಿಗೆ ಶಾಲಾ ನಾಯಕತ್ವದ ಸ್ನಾತಕೋತ್ತರ ಪದವಿ: ಯಾವುದು ಮಾಡಲಿ, ಎಲ್ಲಿ ಮಾಡಲಿ?

ಯಲಬುರ್ಗಾ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬಿಎ, ಡಿ.ಎಡ್ ಆಗಿದೆ. ನಮ್ಮ ಹೆಡ್‌ಮಾಸ್ತರು ನಿವೃತ್ತರಾದ ಮೇಲೆ ಸೇವೆಯಲ್ಲಿ ಹಿರಿಯಳು ಅಂತ ಚಾರ್ಜ್ ನನಗೆ ಬಂತು. ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಶೂ-ಸಾಕ್ಸ್ ಬಿಲ್ಲು ಎಲ್ಲ ನಾನೇ ನೋಡಬೇಕು. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಹಾಲಿನ ಪುಡಿ ಎಷ್ಟು ಉಳಿದಿದೆ ಅಂತ ಬರೆಯುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ.

ಇದನ್ನೆಲ್ಲ ಹೇಗೋ ಕಲಿತುಕೊಂಡೆ. ತಲೆ ಕೆಡಿಸಿರುವ ವಿಷಯ ಬೇರೆ. ನಮ್ಮ ಐದನೇ ಕ್ಲಾಸಿನ ಕೆಲವು ಮಕ್ಕಳು ‘ಅಕ್ಕ’, ‘ಅಜ್ಜ’ ಓದುತ್ತಾರೆ. ‘ರಾಷ್ಟ್ರ’ ಬಂದ ಕೂಡಲೇ ಬೆರಳು ಅಲ್ಲೇ ಇಟ್ಟುಕೊಂಡು ನನ್ನ ಮುಖ ನೋಡುತ್ತಾರೆ. ಆ ಕ್ಲಾಸಿಗೆ ಹೋಗುವ ಸರ್ ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಅವರ ಪಾಠದಲ್ಲಿ ಹೋಗಿ ಕೂರುವುದು ಹೇಗೆ? ಕೂತೆ ಅಂತಲೇ ಇಟ್ಟುಕೊಳ್ಳಿ, ಆಮೇಲೆ ಏನಂತ ಹೇಳುವುದು? ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಕಾಂಪೌಂಡು, ಶೌಚಾಲಯದ ಮಾತು ಮುಗಿಯುವುದೇ ಇಲ್ಲ. ಮಕ್ಕಳ ಓದಿನ ಮಾತು ಯಾವಾಗ ತೆಗೆಯುವುದು? ಡಿ.ಎಡ್‌ನಲ್ಲಿ ಇದ್ಯಾವುದನ್ನೂ ಹೇಳಿಕೊಟ್ಟಿರಲಿಲ್ಲ.

ಅದಕ್ಕೇ ಸ್ನಾತಕೋತ್ತರ ಪದವಿ ಮಾಡಬೇಕು ಅನ್ನಿಸಿದೆ. ಎಂ.ಎಡ್ ಒಳ್ಳೆಯದಾ, ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಎಂಎ ಒಳ್ಳೆಯದಾ? ಬೆಂಗಳೂರಿಗೆ ಹೋಗಿ ಓದುವ ಹಾಗಿಲ್ಲ, ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ. ಬಡ್ತಿಗೆ ಏನಾದರೂ ಅನುಕೂಲ ಆಗುತ್ತಾ? ಮಾಡಿದವರು ದಯವಿಟ್ಟು ತಿಳಿಸಿ.

ಮಾನಸಗಂಗೋತ್ರಿ ಎಂ.ಎಡ್

ಮೇಡಂ, ಎಂ.ಎಡ್ ಬಗ್ಗೆ ಮಾತ್ರ ಹೇಳುತ್ತೇನೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಓದಿದವನು ನಾನು. ಇದು 1963ರಲ್ಲಿ ಶುರುವಾದ, ಎನ್‌ಸಿಇಆರ್‌ಟಿಯ ಸಂಸ್ಥೆ. ಪ್ರವೇಶ ಪರೀಕ್ಷೆ ಬರೆಯಬೇಕು. ಬಿ.ಎಡ್ ಇಲ್ಲದಿದ್ದರೆ ಎಂ.ಎಡ್ ಆಗಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಶಿಕ್ಷಕರ ತರಬೇತಿ ಕೋರ್ಸುಗಳಿಗೆ ನಿಯಮ ಮಾಡುವ ಎನ್‌ಸಿಟಿಇಯ 2014ರ ನಿಯಮದಲ್ಲಿ ಡಿಗ್ರಿ ಮತ್ತು ಡಿ.ಎಡ್ ಎರಡರಲ್ಲೂ 50% ಇದ್ದವರಿಗೂ ಅವಕಾಶ ಇದೆ. ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಪ್ರಕಟಣೆಯನ್ನೂ ಒಮ್ಮೆ ನೋಡಿಕೊಳ್ಳಿ.

ಆದರೆ ಆ ನಿಯಮ ಬಂದಮೇಲೆ ಎಂ.ಎಡ್ ಎರಡು ವರ್ಷದ್ದಾಗಿದೆ. ದಿನಾ ಹೋಗಬೇಕು, ಇಂಟರ್ನ್‌ಶಿಪ್ ಬೇರೆ ಇದೆ. ಮುಂದೆ ಬಿ.ಎಡ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಎಂ.ಎಡ್ ಮಾಡಿ. ಇರುವ ಶಾಲೆಯನ್ನೇ ಚೆನ್ನಾಗಿ ನಡೆಸಬೇಕು ಅನ್ನುವವರಿಗೆ ಅಷ್ಟು ದೊಡ್ಡ ರಜೆ ಹಾಕುವುದು ಕಷ್ಟ. ಸರ್ಜಾಪುರದ ಹತ್ತಿರ ಇರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂಎ ಕೂಡ ಎರಡು ವರ್ಷದ ಪೂರ್ಣಾವಧಿ ಕೋರ್ಸು. ಓದು ತುಂಬಾ ಚೆನ್ನಾಗಿದೆ ಅಂತ ನನ್ನ ಸ್ನೇಹಿತರು ಹೇಳುತ್ತಾರೆ. ನಿಮ್ಮ ಪರಿಸ್ಥಿತಿಗೆ ಹೊಂದುವುದು ಅನುಮಾನ.

ಬ್ಯಾಡಗಿ ಮಾಸ್ತರ

ಮೇಡಂ, ನಾನು ಹಾವೇರಿ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕ. ಕೆಲಸದಲ್ಲಿದ್ದುಕೊಂಡೇ ಇಗ್ನೋದಲ್ಲಿ ಎಂಎ ಶಿಕ್ಷಣ ಮುಗಿಸಿದೆ.

ಮೊದಲು ಬಡ್ತಿಯ ಮಾತು ಮುಗಿಸಿಬಿಡೋಣ. ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರ ಬಡ್ತಿ ಸೇವಾ ಹಿರಿತನದ ಮೇಲೆ ನಡೆಯುತ್ತದೆ. ಎಂಎ ಇದೆ ಅಂತ ಯಾರೂ ನಿಮ್ಮನ್ನು ಸಾಲಿನಲ್ಲಿ ಮುಂದೆ ತಂದು ನಿಲ್ಲಿಸುವುದಿಲ್ಲ. ಬಡ್ತಿಗಾಗಿಯೇ ಮಾಡುವುದಾದರೆ ಬೇಡ. ಶಾಲೆ ನಡೆಸುವುದನ್ನು ಕಲಿಯಬೇಕು ಅಂತಿದ್ದರೆ ಖಂಡಿತ ಮಾಡಿ. ನಿಮ್ಮ ಪ್ರಶ್ನೆ ಓದಿದರೆ ನೀವು ಎರಡನೇ ಗುಂಪಿನವರು ಅನ್ನಿಸುತ್ತದೆ.

ಇಗ್ನೋದಲ್ಲಿ ಯಾವ ಡಿಗ್ರಿ ಇದ್ದರೂ ಸೇರಬಹುದು. ವರ್ಷಕ್ಕೆ ಎರಡು ಸಲ ಪ್ರವೇಶ, ಜನವರಿ ಮತ್ತು ಜುಲೈ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್. ಕನಿಷ್ಠ 2 ವರ್ಷ ಬೇಕು, 4 ವರ್ಷದವರೆಗೂ ಎಳೆಯಬಹುದು. ಮನೆ, ಮಕ್ಕಳು ಇರುವವರಿಗೆ ಈ ಸಡಿಲ ತುಂಬಾ ಮುಖ್ಯ. ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೂ ಇದೆ, ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ. ವಿಶೇಷ ವಿಭಾಗ ಆರಿಸುವಾಗ ‘ಶೈಕ್ಷಣಿಕ ನಿರ್ವಹಣೆ’ ತಗೊಳ್ಳಿ. ಪಠ್ಯ ಇಂಗ್ಲಿಷಿನಲ್ಲಿ ಇರುತ್ತದೆ, ನಾನು ಬರೆದದ್ದೂ ಇಂಗ್ಲಿಷಿನಲ್ಲೇ. ಮೊದಲ ಅಸೈನ್‌ಮೆಂಟಿಗೆ ಡಿಕ್ಷನರಿ ಪಕ್ಕದಲ್ಲೇ ಇತ್ತು. ಅದೇ ಪದಗಳು ಮತ್ತೆ ಮತ್ತೆ ಬರುವುದರಿಂದ ಆಮೇಲೆ ಸಲೀಸಾಗುತ್ತದೆ.

ನನಗೆ ಜಾಸ್ತಿ ಉಪಯೋಗ ಆಗಿದ್ದು ಕೊನೆಯ ಪ್ರಬಂಧ. ವಿಷಯ ಹುಡುಕಲು ಎಲ್ಲಿಗೂ ಹೋಗಲಿಲ್ಲ, ನಮ್ಮ ಶಾಲೆಯ ಹಾಜರಿ ಪುಸ್ತಕವನ್ನೇ ತಗೊಂಡೆ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ನಮ್ಮಲ್ಲಿ ಹೆಣ್ಣುಮಕ್ಕಳ ಗೈರು ಏರುತ್ತಿತ್ತು. ‘ಹೊಲಕ್ಕೆ ಹೋಗ್ತಾರ್ರೀ’ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದೆವು. ಹೆಸರು ಹೆಸರು ಹಿಡಿದು ಮನೆಗೆ ಹೋಗಿ ಕೇಳಿದಾಗ ಗೊತ್ತಾಯಿತು, ಆ ಹುಡುಗಿಯರು ಹೊಲಕ್ಕೆ ಹೋಗುತ್ತಲೇ ಇರಲಿಲ್ಲ. ತಾಯಂದಿರು ಬೆಳಗ್ಗೆ ಬೇಗ ಹೋಗಿಬಿಡುತ್ತಿದ್ದರು. ಅಂಗನವಾಡಿ ತೆರೆಯುವುದು ಆಮೇಲೆ. ನಡುವೆ ಪುಟ್ಟ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಆರನೇ ಕ್ಲಾಸಿನ ಹುಡುಗಿ ಮನೆಯಲ್ಲಿ ಉಳಿಯುತ್ತಿದ್ದಳು. ತಡವಾಗಿ ಬಂದರೆ ಬೈಗುಳ ಅಂತ ಇಡೀ ದಿನ ಬರುತ್ತಲೇ ಇರಲಿಲ್ಲ.

ಇದನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟೆ. ಮಗುವಿನ ಹೆಸರು ಹೇಳಲಿಲ್ಲ, ತಿಂಗಳ ಗೈರು ಎಷ್ಟು ಅಂತ ಬೋರ್ಡಿನ ಮೇಲೆ ಬರೆದೆ. ಅವತ್ತು ಕಾಂಪೌಂಡಿನ ಮಾತೇ ಬರಲಿಲ್ಲ. ಒಬ್ಬರು ಅಜ್ಜಿ ‘ನಾ ಕೂಡ್ತೀನಿ ಬಿಡ್ರಿ ಕೂಸುಗಳನ್ನ ನೋಡಾಕ’ ಅಂದರು. ಅಂಗನವಾಡಿ ಬಾಗಿಲು ತೆಗೆಯುವವರೆಗೆ ನಮ್ಮ ವರಾಂಡದಲ್ಲಿ ಕೂಸುಗಳು ಇರುತ್ತಿದ್ದವು, ಅಕ್ಕಂದಿರು ಕ್ಲಾಸಿನಲ್ಲಿ. ತಡವಾಗಿ ಬಂದವರನ್ನು ಬೈಯಬಾರದು ಅಂತ ನಾವು ಶಿಕ್ಷಕರೂ ಮಾತಾಡಿಕೊಂಡೆವು. ನಿಮ್ಮ ‘ರಾಷ್ಟ್ರ’ದ ಸಮಸ್ಯೆಯನ್ನೂ ಹೀಗೇ ಪ್ರಬಂಧದ ವಿಷಯ ಮಾಡಿಕೊಳ್ಳಿ. ಪದವಿಯ ಓದು, ಶಾಲೆಯ ಕೆಲಸ ಎರಡೂ ಒಟ್ಟಿಗೆ ಸಾಗುತ್ತವೆ.

ಇನ್ನೊಂದು ಮಾತು. ಫಾರ್ಮ್ ತುಂಬುವ ಮೊದಲು ದೆಹಲಿಯ ನೀಪಾ (ಶೈಕ್ಷಣಿಕ ಯೋಜನೆ, ಆಡಳಿತದ ರಾಷ್ಟ್ರೀಯ ಸಂಸ್ಥೆ) ಸಂಸ್ಥೆಯ ಶಾಲಾ ನಾಯಕತ್ವದ ಆನ್‌ಲೈನ್ ಕೋರ್ಸ್ ಮಾಡಿ ನೋಡಿ. ಅದಕ್ಕೆ ಫೀಸಿಲ್ಲ. ಅವರು ಮುಖ್ಯ ಶಿಕ್ಷಕರ ಕೆಲಸವನ್ನು ಏಳು ಕ್ಷೇತ್ರ ಮಾಡಿದ್ದಾರೆ. ನಾಯಕತ್ವದ ತಿಳಿವಳಿಕೆ, ತನ್ನ ಬೆಳವಣಿಗೆ, ಕಲಿಕೆ-ಬೋಧನೆ, ತಂಡ ಕಟ್ಟುವುದು, ಹೊಸ ಪ್ರಯೋಗ, ಊರಿನವರ ಜೊತೆ ಕೆಲಸ, ಕೊನೆಗೆ ಆಡಳಿತ. ನಮ್ಮ ದಿನವೆಲ್ಲ ಆ ಏಳನೆಯದರಲ್ಲೇ ಕಳೆದುಹೋಗುತ್ತದೆ ಅಲ್ವಾ? ಆ ಪಟ್ಟಿ ನೋಡಿದ ದಿನ ನನ್ನ ವೇಳಾಪಟ್ಟಿಯಲ್ಲಿ ಬೆಳಗಿನ ಎರಡು ಪೀರಿಯಡ್ ಕಡತ ಮುಟ್ಟಬಾರದು ಅಂತ ಬರೆದುಕೊಂಡೆ. ಇವತ್ತಿಗೂ ಹಾಗೇ ನಡೆಸುತ್ತಿದ್ದೇನೆ.

ಡಲ್ಲಾಸ್ ಗಣಿತ ಟೀಚರ್

ನಾನು ಶಿವಮೊಗ್ಗದವಳು, ಈಗ ಟೆಕ್ಸಾಸ್‌ನಲ್ಲಿ ಶಾಲಾ ಶಿಕ್ಷಕಿ. ಇಲ್ಲಿ ಪ್ರಿನ್ಸಿಪಾಲ್ ಸರ್ಟಿಫಿಕೇಟ್ ಸಿಗಬೇಕೆಂದರೆ ಸ್ನಾತಕೋತ್ತರ ಪದವಿ, 2 ವರ್ಷದ ಪಾಠದ ಅನುಭವ, ರಾಜ್ಯದ ಪರೀಕ್ಷೆ ಎಲ್ಲವೂ ಬೇಕು. ಜೊತೆಗೆ ಕನಿಷ್ಠ 160 ಗಂಟೆ ಶಾಲೆಯಲ್ಲೇ ಪ್ರಾಕ್ಟಿಕಮ್, ಅಂದರೆ ಪ್ರಾಯೋಗಿಕ ತರಬೇತಿ ಮಾಡಬೇಕು. ಎಜುಕೇಷನಲ್ ಲೀಡರ್‌ಶಿಪ್ ಪದವಿ ಮಾಡುವಾಗ ನನಗೆ ಪುಸ್ತಕಕ್ಕಿಂತ ಇದರಲ್ಲೇ ಹೆಚ್ಚು ಸಿಕ್ಕಿತು.

ಅಕ್ಕ, ನಿಮ್ಮ ಹಿರಿಯ ಸರ್ ವಿಷಯಕ್ಕೆ ನಾನು ಅಲ್ಲಿ ಕಲಿತದ್ದನ್ನು ಹೇಳುತ್ತೇನೆ. ಕ್ಲಾಸಿಗೆ ಹೋಗುವ ಮೊದಲೇ ಅವರನ್ನು ಕೇಳಿ, ‘ಸರ್, ನಾನು ಯಾವ ಮಕ್ಕಳನ್ನು ಗಮನಿಸಲಿ?’ ಅವರು ಹೇಳಿದ ಎರಡು ಮೂರು ಮಕ್ಕಳ ಹತ್ತಿರ ಕೂತುಕೊಳ್ಳಿ. ಟೀಚರ್ ಏನು ಮಾಡಿದರು ಅಂತ ಬರೆಯಬೇಡಿ, ಮಗು ಏನು ಓದಿತು, ಎಲ್ಲಿ ನಿಂತಿತು ಅಂತ ಮಾತ್ರ ಬರೆಯಿರಿ. ಅವತ್ತೇ ಸಂಜೆ ಆ ಮಗುವಿನ ನೋಟ್‌ಬುಕ್ ಮುಂದಿಟ್ಟುಕೊಂಡು ಇಬ್ಬರೂ ಕೂತು ಮಾತಾಡಿ. ಮೊದಲ ಮಾತು ಅವರದ್ದಾಗಿರಲಿ. ಬದಲಾವಣೆ ಒಂದೇ ಒಂದು ಸಾಕು, ಅದನ್ನು ಅವರೇ ಆರಿಸಲಿ. ನೀವೂ ಅವರನ್ನು ನಿಮ್ಮ ಕ್ಲಾಸಿಗೆ ಕರೆಯಿರಿ.

ಯಲಬುರ್ಗಾ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಬಡ್ತಿಯ ಆಸೆ ಬದಿಗಿಟ್ಟೆ. ನೀಪಾ ಕೋರ್ಸ್ ಈ ರಜೆಯಲ್ಲೇ ಶುರು ಮಾಡುತ್ತೇನೆ, ಜುಲೈಗೆ ಇಗ್ನೋ. ಮಾಸ್ತರೇ, ಇಲಾಖೆಯ ಅನುಮತಿ ಬೇಕಾ? ದೂರಶಿಕ್ಷಣ ಅಲ್ವಾ, ಸುಮ್ನೆ ಸೇರಿಬಿಡಬಹುದು ಅಂತ ಇಲ್ಲಿ ಒಬ್ಬರು ಹೇಳಿದರು.

ಬ್ಯಾಡಗಿ ಮಾಸ್ತರ

ಹಾಗೆ ಸೇರಬೇಡಿ ಮೇಡಂ. ಮೊದಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ ಅರ್ಜಿ ಕೊಟ್ಟು, ಅನುಮತಿಯನ್ನು ಬರವಣಿಗೆಯಲ್ಲಿ ತಗೊಳ್ಳಿ. ಕೊಟ್ಟ ಅರ್ಜಿಯ ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಪದವಿ ಮುಗಿದ ಮೇಲೆ ಸೇವಾ ಪುಸ್ತಕದಲ್ಲಿ ನಮೂದು ಮಾಡಿಸುವಾಗ ಈ ಕಾಗದ ಕೇಳುತ್ತಾರೆ. ಜುಲೈಗೆ ಸೇರುವುದಾದರೆ ಈಗಲೇ ಅರ್ಜಿ ಹಾಕಿ, ಕಡತ ಓಡಾಡಲು ಸಮಯ ಬೇಕು. ಅರ್ಜಿಯ ಮಾದರಿ ನನ್ನ ಹತ್ತಿರ ಇದೆ, ನಾಳೆ ಇಲ್ಲೇ ಹಾಕುತ್ತೇನೆ.