ಅನಿಮೋನ್ ಗಡ್ಡೆ, ಎಲೆ, ಹೂ: ತೋಟಗಾರಿಕೆ ಸಲಹೆಗಾರರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಹೂಗಿಡ ಬೆಳೆಯುವವರ ಈ ಗುಂಪಿನಲ್ಲಿ ದೀಪಾವಳಿಯಿಂದ ಈಚೆಗೆ, ಗಡ್ಡೆಯಿಂದ ಬೆಳೆಯುವ ವಿದೇಶಿ ಹೂಗಿಡ ಅನಿಮೋನ್ ಕುರಿತೇ ಹೆಚ್ಚು ಪ್ರಶ್ನೆಗಳು ಬಂದಿವೆ. ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ನಮ್ಮ ಸಲಹೆಗಾರರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಹಿಂದಿನ ಉತ್ತರಗಳನ್ನು ಓದಿದ ಮೇಲೆ ಪ್ರಶ್ನೆ ಹಾಕಿ. ಫಾರ್ವರ್ಡ್ ಸಂದೇಶಗಳು ಬೇಡ.

ಶಿಡ್ಲಘಟ್ಟದ ಸದಸ್ಯೆ: ನಮಸ್ಕಾರ ಮೇಡಂ. ನವೆಂಬರ್ ಮೊದಲ ವಾರ ಗಡ್ಡೆಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಕುಂಡಗಳಲ್ಲಿ ನೆಟ್ಟೆ. ಅರ್ಧಕ್ಕಿಂತ ಹೆಚ್ಚು ಮೊಳೆಯಲೇ ಇಲ್ಲ. ಕೆದಕಿ ನೋಡಿದರೆ ಮೆತ್ತಗಾಗಿ ಕೆಟ್ಟ ವಾಸನೆ ಬರುತ್ತಿದೆ. ಮಾರಿದವರು ಹಳೆಯ ಗಡ್ಡೆ ಕೊಟ್ಟಿರಬಹುದೇ?

ಸಲಹೆಗಾರರು: ನಮಸ್ಕಾರ ಅಮ್ಮ. ಮಾರಿದವರನ್ನು ಅನುಮಾನಿಸುವ ಮೊದಲು ನೆನೆಸಿದ ಅವಧಿಯನ್ನು ನೋಡಬೇಕು. ಅನಿಮೋನ್ ಗಡ್ಡೆ ನಮ್ಮ ಕೈಗೆ ಬರುವಾಗ ಒಣ ಶುಂಠಿಯ ಚೂರಿನಂತೆ ಗಟ್ಟಿಯಾಗಿರುತ್ತದೆ. ಮೂರು ನಾಲ್ಕು ಗಂಟೆ ನೆನೆದರೆ ಉಬ್ಬುತ್ತದೆ, ಅದಕ್ಕೆ ಅಷ್ಟು ಸಾಕು. ರಾತ್ರಿಯಿಡೀ ನೀರಿನಲ್ಲಿ ಮುಳುಗಿದ್ದರೆ ಗಾಳಿ ಸಿಗದೆ ಒಳಗಿನಿಂದಲೇ ಕೊಳೆಯಲು ಆರಂಭಿಸುತ್ತದೆ. ಅದರ ಮೇಲೆ ನವೆಂಬರ್‌ನ ಹಿಂಗಾರು ಮಳೆಯೂ ಸೇರಿದರೆ ಕುಂಡದ ಮಣ್ಣು ಆರುವುದೇ ಇಲ್ಲ. ಮುಂದಿನ ಬಾರಿ ನೆನೆಸಿದ ಗಡ್ಡೆಗಳನ್ನು, ನೀರು ಹಿಂಡಿ ತೆಗೆದ ಕೋಕೋಪೀಟಿನಲ್ಲಿ (ತೆಂಗಿನ ನಾರಿನ ಪುಡಿಯಲ್ಲಿ) ಹುದುಗಿಸಿ, ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಹತ್ತು ಹನ್ನೆರಡು ದಿನ ಇಟ್ಟು, ಬಿಳಿ ಬೇರು ಕಾಣಿಸಿದ ಮೇಲೆ ನೆಡಿ. ಕೊಳೆತವು ಯಾವುವು ಎಂದು ಅಲ್ಲಿಯೇ ತಿಳಿಯುವುದರಿಂದ ಕುಂಡವೂ ಗೊಬ್ಬರವೂ ವ್ಯರ್ಥವಾಗುವುದಿಲ್ಲ. ಎರಡು ಅಂಗುಲ ಆಳ ಸಾಕು. ನಮ್ಮ ಕೆಂಪು ಮಣ್ಣಿಗೆ ಮೂರನೇ ಒಂದು ಭಾಗದಷ್ಟು ದಪ್ಪ ಮರಳು ಸೇರಿಸಿ. ನೆಟ್ಟಾಗ ಒಮ್ಮೆ ನೀರು ಹಾಕಿದ ಮೇಲೆ, ಮೊಳಕೆ ಕಾಣುವವರೆಗೆ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಕೊಡಿ.

ಗೌರಿಬಿದನೂರಿನ ಸದಸ್ಯ: ಮೇಡಂ, ಗಡ್ಡೆಯ ಯಾವ ಬದಿ ಮೇಲೆ ಬರಬೇಕು?

ಸಲಹೆಗಾರರು: ಚೂಪಾದ ತುದಿ ಕೆಳಗೆ ಬರಬೇಕು. ಗುರುತು ಸಿಗದಿದ್ದರೆ ಅಡ್ಡಲಾಗಿ ಮಲಗಿಸಿ, ಮೊಳಕೆ ತಾನೇ ಮೇಲಕ್ಕೆ ತಿರುಗುತ್ತದೆ.

ಬಾಗೇಪಲ್ಲಿಯ ಸದಸ್ಯೆ: ಮೇಡಂ, ನನಗೆ ಬಂದ ಸಂದೇಶವೊಂದರಲ್ಲಿ ಪ್ರತಿದಿನ ಬೆಳಿಗ್ಗೆ ಕುಂಡದ ಮೇಲೆ ಐಸ್ ತುಂಡುಗಳನ್ನು ಇಟ್ಟರೆ ಯೂರೋಪಿನ ಚಳಿ ಸಿಕ್ಕಂತಾಗಿ ಬೇಗ ಹೂ ಬರುತ್ತದೆ ಎಂದಿದೆ. ಜೊತೆಗೆ ಈರುಳ್ಳಿ ಸಿಪ್ಪೆ ನೆನೆಸಿದ ನೀರನ್ನೂ ಹಾಕಬೇಕಂತೆ. ಇದು ಸರಿಯೇ?

ಸಲಹೆಗಾರರು: ಐಸ್ ಅರ್ಧ ಗಂಟೆಯಲ್ಲಿ ಕರಗಿ ಗಡ್ಡೆಯ ತಲೆಯ ಮೇಲೆಯೇ ನೀರು ನಿಲ್ಲಿಸುತ್ತದೆ, ಮಣ್ಣು ಮತ್ತೆ ಮಧ್ಯಾಹ್ನದ ಬಿಸಿಗೆ ಬರುತ್ತದೆ. ಗಿಡಕ್ಕೆ ಬೇಕಿರುವುದು ವಾರಗಟ್ಟಲೆ ಒಂದೇ ಸಮನಾದ ತಂಪು, ಅದನ್ನು ಡಿಸೆಂಬರ್ ಮತ್ತು ಜನವರಿಯ ನಮ್ಮ ರಾತ್ರಿಗಳು ತಕ್ಕಮಟ್ಟಿಗೆ ಕೊಡುತ್ತವೆ. ಈರುಳ್ಳಿ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿ. ಫಾರ್ವರ್ಡ್ ಬೇಡ ಎಂದು ಮೇಲೆ ಬರೆದಿದೆ.

ಚಿಕ್ಕಬಳ್ಳಾಪುರದ ಬೆಳೆಗಾರ: ನಮಸ್ಕಾರ ಮೇಡಂ. ನಂದಿ ತಪ್ಪಲಿನಲ್ಲಿರುವ ನಮ್ಮ ಪಾಲಿಹೌಸಿನ ಎರಡು ಮಡಿಗಳಲ್ಲಿ ಪರೀಕ್ಷೆಗೆಂದು ಅನಿಮೋನ್ ಹಾಕಿದ್ದೇನೆ. ಮೊದಲು ಒಂದು ಮೂಲೆಯ ಗಿಡಗಳ ಎಲೆಗಳು ಒಳಕ್ಕೆ ಮುರುಟಿ ಬಟ್ಟಲಿನ ಹಾಗೆ ಆದವು, ಈಗ ಮಡಿಯ ಅರ್ಧಕ್ಕೆ ಹಬ್ಬಿದೆ. ಹೂದಂಟುಗಳೂ ತಿರುಚಿಕೊಂಡು ಬರುತ್ತಿವೆ. ಔಷಧಿ ಅಂಗಡಿಯವರು ಥ್ರಿಪ್ಸ್ ಎಂಬ ಸಣ್ಣ ಕೀಟದ ಕಾಟ ಎಂದು ಹೇಳಿ ಔಷಧಿ ಕೊಟ್ಟರು, ಹೊಡೆದರೂ ಪ್ರಯೋಜನವಾಗಲಿಲ್ಲ. ಚಿತ್ರಗಳನ್ನು ಹಾಕಿದ್ದೇನೆ.

ಮಾಲೂರಿನ ಸದಸ್ಯ: ಇದು ವೈರಸ್. ಮೆಣಸಿನಕಾಯಿಯಲ್ಲಿ ಬರುವ ಮುರುಟು ರೋಗವೇ ಇದು. ಮಡಿಯನ್ನೇ ಕಿತ್ತು ಸುಟ್ಟುಬಿಡಿ.

ಸಲಹೆಗಾರರು: ಮಾಲೂರಿನವರು ಸ್ವಲ್ಪ ತಾಳ್ಮೆ ವಹಿಸಲಿ. ಬೆಳೆಗಾರರೇ, ನಿಮ್ಮ ಮೂರನೆಯ ಚಿತ್ರವನ್ನು ನಾನು ದೊಡ್ಡದು ಮಾಡಿ ನೋಡಿದೆ. ಥ್ರಿಪ್ಸ್ ಇದ್ದರೆ ಎಲೆಯ ಕೆಳಗೆ ಬೆಳ್ಳಿ ಬಣ್ಣದ ಗೀರುಗಳೂ ಕಪ್ಪು ಚುಕ್ಕೆಯಂತಹ ಹಿಕ್ಕೆಯೂ ಕಾಣಬೇಕಿತ್ತು, ಅವು ಇಲ್ಲ. ವೈರಸ್ ಇದ್ದರೆ ಎಲೆಯಲ್ಲಿ ಹಳದಿ ಹಸಿರಿನ ಮಚ್ಚೆ ಅಥವಾ ಹೂವಿನ ಬಣ್ಣದಲ್ಲಿ ಪಟ್ಟೆ ಸಾಮಾನ್ಯವಾಗಿ ಕಾಣುತ್ತದೆ, ಅದೂ ಇಲ್ಲ. ಆದರೆ ಎಲೆಯ ತೊಟ್ಟು ಗಡ್ಡೆಗೆ ಸೇರುವ ಜಾಗದಲ್ಲಿ, ಮಣ್ಣಿಗೆ ತಾಗಿದಂತೆ, ಉದ್ದನೆಯ ಕಂದು ಗಾಯವೊಂದು ಸ್ಪಷ್ಟವಾಗಿದೆ. ಅದರ ನಡುಭಾಗ ಒಳಕ್ಕೆ ಇಳಿದಿದೆ, ದಂಟು ತಿರುಚಿರುವುದು ಆ ಗಾಯವಿರುವ ಕಡೆಗೇ. ಈ ಮೂರನ್ನೂ ಒಟ್ಟಿಗೆ ನೋಡಿದಾಗ ನನಗೆ ಬಲವಾದ ಅನುಮಾನ ಕೊಲೆಟೋಟ್ರೈಕಮ್ ಶಿಲೀಂಧ್ರದ ಮೇಲೆ. ಶ್ರೀನಿವಾಸಪುರದ ಮಾವಿನಲ್ಲಿ ಚಿಬ್ಬು ರೋಗ ತರುವುದೂ ಇದೇ ಕುಲದ ಶಿಲೀಂಧ್ರ. ಅನಿಮೋನಿನಲ್ಲಿ ಅದು ಎಳೆಯ ಭಾಗವನ್ನು ಹಿಡಿಯುವುದರಿಂದ, ಸೋಂಕು ತಗುಲಿದ ಬದಿಯ ಬೆಳವಣಿಗೆ ನಿಂತು ಇನ್ನೊಂದು ಬದಿ ಬೆಳೆಯುತ್ತಲೇ ಹೋಗಿ ಎಲೆ ಮುರುಟುತ್ತದೆ.

ಇದು ಬಹುತೇಕ ಗಡ್ಡೆಯ ಜೊತೆಗೇ ಬಂದಿರುತ್ತದೆ, ನೀರಿನ ಸಿಡಿತದಿಂದ ಹಬ್ಬುತ್ತದೆ. ಒಂದು ಮೂಲೆಯಿಂದ ಶುರುವಾಗಿ ಮಡಿಯ ಅರ್ಧಕ್ಕೆ ಹಬ್ಬಿದೆ ಎಂದಿರಿ. ನೀವು ಮೇಲಿನಿಂದ ಪೈಪಿನಲ್ಲಿ ಅಥವಾ ತುಂತುರಿನಲ್ಲಿ ನೀರು ಬಿಡುತ್ತಿದ್ದೀರಾ?

ಚಿಕ್ಕಬಳ್ಳಾಪುರದ ಬೆಳೆಗಾರ: ಹೌದು ಮೇಡಂ. ಡ್ರಿಪ್ ಇದೆ, ಆದರೆ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಹನಿ ನಿಂತುಹೋಗಿದೆ. ಹುಡುಗರು ಪೈಪಿನಲ್ಲಿಯೇ ಬಿಡುತ್ತಿದ್ದಾರೆ.

ಸಲಹೆಗಾರರು: ಹಾಗಾದರೆ ಡ್ರಿಪ್ ಸರಿಪಡಿಸುವುದೇ ಮೊದಲ ಔಷಧಿ. ರೋಗ ಕಂಡ ಗಿಡಗಳನ್ನೂ ಅವುಗಳ ಸುತ್ತಲಿನ ಒಂದು ಸಾಲನ್ನೂ ಗಡ್ಡೆ ಸಮೇತ ಕಿತ್ತು ಪಾಲಿಹೌಸಿನ ಹೊರಗೆ ಸುಡಿ, ತಿಪ್ಪೆಗೆ ಹಾಕಬೇಡಿ. ಎಲೆ ಒದ್ದೆಯಾಗಿರುವಾಗ ಮಡಿಯೊಳಗೆ ಯಾರೂ ಕೈ ಹಾಕಬಾರದು. ಹೂ ಕೊಯ್ಯುವ ಕತ್ತರಿಯನ್ನು ಸಾಲಿನಿಂದ ಸಾಲಿಗೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಶಿಲೀಂಧ್ರನಾಶಕವು ಉಳಿದ ಗಿಡಗಳನ್ನು ಕಾಯಬಹುದೇ ಹೊರತು ರೋಗ ಹಿಡಿದದ್ದನ್ನು ಗುಣಪಡಿಸುವುದಿಲ್ಲ, ಆದ್ದರಿಂದ ಹೆಸರು ಕೇಳಿ ಅಂಗಡಿಗೆ ಓಡುವ ಮುನ್ನ ಮಾದರಿ ಪರೀಕ್ಷೆ ಮಾಡಿಸಿ. ನಿಮಗೆ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ಕೋಲಾರದ ಟಮಕದಲ್ಲಿರುವ ತೋಟಗಾರಿಕೆ ಕಾಲೇಜು ಹತ್ತಿರವಾಗುತ್ತದೆ. ಈ ಮಡಿಯ ಗಡ್ಡೆಗಳನ್ನು, ಚೆನ್ನಾಗಿ ಕಂಡವನ್ನೂ, ಮುಂದಿನ ವರ್ಷಕ್ಕೆ ಎತ್ತಿಡಬೇಡಿ.

ಮಾಲೂರಿನ ಸದಸ್ಯ: ನಾನು ಇಪ್ಪತ್ತು ವರ್ಷದಿಂದ ಮೆಣಸಿನಕಾಯಿ ಬೆಳೆಯುತ್ತಿದ್ದೇನೆ. ಮುರುಟು ಎಂದರೆ ಏನೆಂದು ನನಗೆ ಗೊತ್ತು.

ಚಿಕ್ಕಬಳ್ಳಾಪುರದ ಬೆಳೆಗಾರ: ಅಣ್ಣ, ಇದು ಮೆಣಸಿನಕಾಯಿ ಅಲ್ಲವಲ್ಲ.

ಮುಳಬಾಗಿಲಿನ ಸದಸ್ಯ: ಜೀವಾಮೃತ ಕೊಟ್ಟ ಗಿಡಕ್ಕೆ ಯಾವ ರೋಗವೂ ಬರುವುದಿಲ್ಲ. ರಾಸಾಯನಿಕ ಸುರಿದು ಮಣ್ಣು ಕೆಡಿಸಿ, ಆಮೇಲೆ ಸಲಹೆ ಕೇಳುತ್ತೀರಿ.

ಮಾಲೂರಿನ ಸದಸ್ಯ: ಜೀವಾಮೃತ ಹಾಕಿಯೇ ನನ್ನ ಟೊಮೆಟೊ ಹೋಯಿತು ಸ್ವಾಮಿ. ಸಾಲ ತೀರಿಸಲು ನೀವು ಬರುತ್ತೀರಾ?

ನಿರ್ವಾಹಕರು: ದಯವಿಟ್ಟು ವಿಷಯಕ್ಕೆ ಬನ್ನಿ.

ಕೆಜಿಎಫ್‌ನ ಸದಸ್ಯೆ: ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ಅನಿಮೋನಿಗೆ ಈಗ ಏನು ಬೆಲೆ ಸಿಗುತ್ತಿದೆ ಎಂದು ಯಾರಾದರೂ ತಿಳಿಸಬಹುದೇ?

ಗುಡಿಬಂಡೆಯ ಸದಸ್ಯೆ: ಮೇಡಂ, ನಮ್ಮ ಹೂಗಳು ಸಂಜೆ ಮುಚ್ಚಿಕೊಳ್ಳುತ್ತವೆ, ಮೋಡವಿದ್ದರೆ ಹಗಲಲ್ಲೂ ತೆರೆಯುವುದಿಲ್ಲ. ರೋಗವೇ? ಹೂದಾನಿಗೆ ಯಾವಾಗ ಕೊಯ್ಯಬೇಕು?

ಸಲಹೆಗಾರರು: ರೋಗವಲ್ಲ, ಅದರ ಸ್ವಭಾವವೇ ಹಾಗೆ. ಕೊಯ್ಯಲು ಹೂವಿನ ಕೆಳಗಿರುವ ಹಸಿರು ಎಲೆಗಳ ಕೊರಳಪಟ್ಟಿಯನ್ನು ನೋಡಿ. ಮೊಗ್ಗು ಎಳೆಯದಿದ್ದಾಗ ಆ ಪಟ್ಟಿ ಹೂವಿಗೆ ಅಂಟಿಕೊಂಡೇ ಇರುತ್ತದೆ. ಹೂ ಬಲಿತಂತೆ ಎರಡರ ನಡುವೆ ತೊಟ್ಟು ಉದ್ದವಾಗುತ್ತದೆ. ಬೆರಳಿನ ಅಗಲದಷ್ಟು ಅಂತರ ಬಂದು, ಹೂ ಒಮ್ಮೆ ತೆರೆದು ಮುಚ್ಚಿದ ಮೇಲೆ ಬೆಳಗಿನ ತಂಪಿನಲ್ಲಿ ಕೊಯ್ದರೆ ಹೂದಾನಿಯಲ್ಲಿ ವಾರದ ಹತ್ತಿರ ಉಳಿಯುತ್ತದೆ. ಅಂಟಿಕೊಂಡಿರುವಾಗಲೇ ಕೊಯ್ದ ಮೊಗ್ಗು ಅರಳುವುದಿಲ್ಲ. ಕೊಯ್ಯುವಾಗ ಕೈಗವಸು ಇರಲಿ.

ಚಿಂತಾಮಣಿಯ ಸದಸ್ಯ: ಮೇಡಂ, ಕೈಗವಸಿನ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಈ ಗಿಡದ ಹಸಿ ಎಲೆ ಜಜ್ಜಿ ಕಟ್ಟಿದರೆ ಮಂಡಿನೋವು ಹೋಗುತ್ತದೆ ಎಂಬ ಸಂದೇಶ ಬೇರೊಂದು ಗುಂಪಿನಲ್ಲಿ ಬಂದಿತ್ತು. ನಮ್ಮ ತಾಯಿಯವರು ನಿನ್ನೆ ರಾತ್ರಿ ಬಟ್ಟೆಯಲ್ಲಿ ಕಟ್ಟಿಕೊಂಡು ಮಲಗಿದ್ದರು. ಇಂದು ಮಂಡಿಯ ಸುತ್ತ ಕೆಂಪಾಗಿ ನೀರುಗುಳ್ಳೆಗಳು ಎದ್ದಿವೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಅರಿಶಿನ ಹಚ್ಚಬಹುದೇ?

ಸಲಹೆಗಾರರು: ಏನನ್ನೂ ಹಚ್ಚಬೇಡಿ. ಎಲೆಯ ಚೂರು, ರಸ ಉಳಿದಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಮೃದುವಾಗಿ ತೊಳೆಯಿರಿ, ಗುಳ್ಳೆಗಳನ್ನು ಒಡೆಯಬೇಡಿ, ಸ್ವಚ್ಛವಾದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಇಂದೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ನಾಳೆಗೆ ಮುಂದೂಡಬೇಡಿ, ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಾಯ ಸುಲಭವಾಗಿ ಮಾಯುವುದಿಲ್ಲ. ಹೋಗುವಾಗ ಗಿಡದ ಚಿತ್ರವನ್ನು ಜೊತೆಗಿಟ್ಟುಕೊಂಡು ಅನಿಮೋನ್ ಎಂದೇ ಹೇಳಿ.

ಉಳಿದವರಿಗೂ ಇದು ತಿಳಿದಿರಲಿ. ಅನಿಮೋನ್ ಸೇರಿರುವ ರನನ್‌ಕುಲೇಸೀ ಕುಟುಂಬದ ಹಲವು ಗಿಡಗಳಲ್ಲಿ ರನನ್‌ಕುಲಿನ್ ಎಂಬ ವಸ್ತುವಿದೆ. ಗಿಡ ನಿಂತಿರುವವರೆಗೆ ಅದರಿಂದ ತೊಂದರೆಯಿಲ್ಲ, ಆದರೆ ಎಲೆಯನ್ನೋ ಕಾಂಡವನ್ನೋ ಜಜ್ಜಿದ ಕೂಡಲೇ ಅದು ಒಡೆದು ಪ್ರೋಟೋಅನಿಮೋನಿನ್ ಆಗುತ್ತದೆ. ಚರ್ಮ ಸುಟ್ಟಂತೆ ಉರಿಸುವುದು, ಗುಳ್ಳೆ ಎಬ್ಬಿಸುವುದು ಅದೇ. ಗಿಡ ಒಣಗಿದಾಗ ಅದು ಅನಿಮೋನಿನ್ ಎಂಬ ಸೌಮ್ಯ ವಸ್ತುವಾಗಿ ಬದಲಾಗುತ್ತದೆ. ಹೀಗಾಗಿ ಹಸಿ ಎಲೆಯೇ ಹೆಚ್ಚು ಅಪಾಯ. ರಸ ಹೊಟ್ಟೆಗೆ ಹೋದರೆ ಬಾಯಿಯಲ್ಲಿ ಹುಣ್ಣು, ವಾಂತಿ, ಭೇದಿ. ಕುರಿ, ಮೇಕೆ, ನಾಯಿಗಳಿಗೂ ಅದೇ ಗತಿ, ಕಿತ್ತ ಗಿಡವನ್ನು ಕೊಟ್ಟಿಗೆಯ ಹತ್ತಿರ ಎಸೆಯಬೇಡಿ. ಆ ಸಂದೇಶ ಕಳಿಸಿದವರು ಯಾರೇ ಇರಲಿ, ಅದನ್ನು ಅಳಿಸಲು ಹೇಳಿ.

ಮುಳಬಾಗಿಲಿನ ಸದಸ್ಯ: ಮೇಡಂ ಹೇಳುವುದು ಪುಸ್ತಕದ ಮಾತು. ಗುಳ್ಳೆ ಎದ್ದರೆ ಒಳಗಿನ ಕೆಟ್ಟ ನೀರು ಹೊರಗೆ ಬಂದಂತೆ. ನಮ್ಮ ಅಜ್ಜಿ ಚಿತ್ರಮೂಲದ ಬೇರು ಕಟ್ಟಿ ಎಷ್ಟೋ ಜನರ ನೋವು ತೆಗೆದಿದ್ದಾರೆ.

ಸಲಹೆಗಾರರು: ಅದು ಕೆಟ್ಟ ನೀರಲ್ಲ, ಸುಟ್ಟ ಚರ್ಮದ ಅಡಿ ಸೇರುವ ದ್ರವ. ಚಿತ್ರಮೂಲ ಬೇರೆ ಗಿಡ, ಅದೂ ಚರ್ಮ ಸುಡುವಂಥದ್ದೇ. ಚಿಂತಾಮಣಿಯವರು ಈ ಮಾತನ್ನು ಕೇಳಿಕೊಂಡು ಕೂರದೆ ಆಸ್ಪತ್ರೆಗೆ ಹೊರಡಲಿ. ಈ ವಿಷಯದಲ್ಲಿ ನಾನು ಇನ್ನು ವಾದ ಮಾಡುವುದಿಲ್ಲ.

ಚಿಂತಾಮಣಿಯ ಸದಸ್ಯ: ಹೊರಟಿದ್ದೇವೆ ಮೇಡಂ. ಧನ್ಯವಾದ.

ಬಂಗಾರಪೇಟೆಯ ಸದಸ್ಯೆ: ಗಡ್ಡೆಯ ಯಾವ ಭಾಗ ಮೇಲೆ ಬರಬೇಕು ಮೇಡಂ?

ಸಲಹೆಗಾರರು: ಮೇಲೆ ಉತ್ತರಿಸಿದ್ದೇನೆ.

ಕೋಲಾರದ ಸದಸ್ಯ: ಮೇಡಂ, ಆನ್‌ಲೈನಿನಲ್ಲಿ ಅನಿಮೋನ್ ಬ್ಲಾಂಡಾ ಮತ್ತು ಅನಿಮೋನ್ ನೆಮೊರೋಸಾ ಎಂಬ ಎರಡು ಬಗೆಯ ಗಡ್ಡೆಗಳನ್ನು ತರಿಸಿದ್ದೇನೆ. ಇವೂ ವಸಂತದಲ್ಲಿಯೇ ಹೂ ಬಿಡುತ್ತವಂತೆ. ಮಾವಿನ ಮರದ ನೆರಳಿನಲ್ಲಿ ನೆಡಬಹುದೇ?

ಸಲಹೆಗಾರರು: ನೆಡಬಹುದು, ಆದರೆ ಹೂ ನಿರೀಕ್ಷಿಸಬೇಡಿ. ನೆಮೊರೋಸಾ ಯೂರೋಪಿನ ಕಾಡುಗಳ ನೆಲದಲ್ಲಿ, ಮರಗಳು ಚಿಗುರುವ ಮುನ್ನ ಅರಳಿ ಮುಗಿಯುವ ಗಿಡ. ಬ್ಲಾಂಡಾ ಆಗ್ನೇಯ ಯೂರೋಪ್ ಮತ್ತು ಟರ್ಕಿಯ ಕಡೆಯದು. ಎರಡಕ್ಕೂ ದೀರ್ಘವಾದ, ನಿಜವಾದ ಚಳಿಗಾಲ ಬೇಕು. ಫ್ರಿಜ್ಜಿನಲ್ಲಿಟ್ಟು ಚಳಿ ತೋರಿಸಿದರೂ, ಹೊರಗೆ ತಂದಾಗ ಅವು ನೋಡುವುದು ನಮ್ಮ ಫೆಬ್ರವರಿಯ ಬಿಸಿಲು. ನಮ್ಮಲ್ಲಿ ಕೈಗೂಡುವುದು ಮೆಡಿಟರೇನಿಯನ್ ತೀರದ ಅನಿಮೋನ್ ಕೊರೊನೇರಿಯಾ ಮಾತ್ರ. ಒಂಟಿ ಸುತ್ತಿನ ‘ಡಿ ಕಾನ್’, ಹೆಚ್ಚು ಸುತ್ತಿನ ‘ಸೇಂಟ್ ಬ್ರಿಜಿಡ್’ ಎಂದು ಮಾರುವುದೆಲ್ಲ ಅದೇ ಜಾತಿ. ದಕ್ಷಿಣ ಭಾರತದ ಕಾಡು ಅನಿಮೋನನ್ನೇ ನೋಡಬೇಕೆಂದರೆ ನೀಲಗಿರಿಯ ಎತ್ತರದ ಹುಲ್ಲುಗಾವಲಿಗೆ ಹೋಗಬೇಕು. ಅಲ್ಲಿ ಬಿಳಿ ಹೂವಿನ ಅನಿಮೋನ್ ರಿವ್ಯುಲಾರಿಸ್ ತಾನಾಗಿ ಬೆಳೆಯುತ್ತದೆ. ಅದನ್ನು ಕಿತ್ತು ತರುವ ಯೋಚನೆ ಬೇಡ.

ಕೆಜಿಎಫ್‌ನ ಸದಸ್ಯೆ: ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಮಾಲೂರಿನ ಸದಸ್ಯ: ಸೇವಂತಿಗೆ, ಚೆಂಡುಹೂ ಬೆಳೆದು ಬದುಕುವ ಜಿಲ್ಲೆ ಇದು. ಸಾವಿರ ಅಡಿ ಕೊರೆದು ತೆಗೆದ ನೀರನ್ನು ಎರಡು ತಿಂಗಳ ವಿದೇಶಿ ಹೂವಿಗೆ ಸುರಿಯುವುದು ಯಾವ ಬುದ್ಧಿವಂತಿಕೆ?

ಗುಡಿಬಂಡೆಯ ಸದಸ್ಯೆ: ನನ್ನ ಮನೆಯ ನಾಲ್ಕು ಕುಂಡಕ್ಕೆ ಬೀಳುವುದು ದಿನಕ್ಕೆ ಒಂದು ಚೆಂಬು ನೀರು. ನಿಮ್ಮ ಟೊಮೆಟೊ ತೋಟಕ್ಕೆ ಎಷ್ಟು ಬೀಳುತ್ತದೆ ಎಂದು ನಾನು ಕೇಳಿದ್ದೇನೆಯೇ?

ಮಾಲೂರಿನ ಸದಸ್ಯ: ಟೊಮೆಟೊ ಜನ ತಿನ್ನುತ್ತಾರೆ ಅಮ್ಮ.

ಗುಡಿಬಂಡೆಯ ಸದಸ್ಯೆ: ಬೆಲೆ ಬಿದ್ದಾಗ ರಸ್ತೆಗೆ ಸುರಿಯುವುದನ್ನೂ ನೋಡಿದ್ದೇವೆ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮುಂದಿನ ಸಂದೇಶ ಇದೇ ಬಗೆಯದಾದರೆ ಅಳಿಸಲಾಗುವುದು.

ಶಿಡ್ಲಘಟ್ಟದ ಸದಸ್ಯೆ: ಮೇಡಂ, ಮೊಳೆಯದೆ ಉಳಿದ ಕುಂಡಗಳಲ್ಲಿ ಈಗ, ಸಂಕ್ರಾಂತಿ ಹೊತ್ತಿನಲ್ಲಿ, ಹೊಸ ಗಡ್ಡೆ ನೆಡಬಹುದೇ? ಇರುವ ಗಿಡಗಳ ಗಡ್ಡೆಯನ್ನು ಮುಂದಿನ ವರ್ಷಕ್ಕೆ ಉಳಿಸಬಹುದೇ?

ಸಲಹೆಗಾರರು: ಈಗ ನೆಡಬೇಡಿ. ನೆಟ್ಟು ಹೂ ಬರಲು ಸುಮಾರು ಮೂರು ತಿಂಗಳು ಬೇಕು, ಅಷ್ಟರಲ್ಲಿ ಏಪ್ರಿಲ್. ಬಿಸಿಲು ಏರಿ ಹಗಲು ಉದ್ದವಾದಂತೆ ಇದು ತಾನಾಗಿಯೇ ಎಲೆ ಹಳದಿ ಮಾಡಿಕೊಂಡು ಸುಪ್ತಾವಸ್ಥೆಗೆ ಹೋಗುತ್ತದೆ. ಹಾಗಾದಾಗ ಗೊಬ್ಬರ, ನೀರು ಸುರಿದು ಎಬ್ಬಿಸಲು ಹೋಗದೆ ನೀರು ನಿಲ್ಲಿಸಿ, ಎಲೆ ಪೂರ್ತಿ ಒಣಗಿದ ಮೇಲೆ ಗಡ್ಡೆ ಅಗೆದು ನೆರಳಿನಲ್ಲಿ ಆರಿಸಿ, ಒಣ ಮರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಮುಂಗಾರಿನ ತೇವ ತಾಗಿದರೆ ಕೊಳೆಯುತ್ತದೆ. ಉಳಿದವು ಮರುವರ್ಷ ಸಣ್ಣ ಹೂ ಕೊಡುವುದೇ ಹೆಚ್ಚು. ನಮ್ಮ ಹವೆಯಲ್ಲಿ ಪ್ರತಿ ವರ್ಷ ಹೊಸ ಗಡ್ಡೆ ತರುವುದು ಒಳ್ಳೆಯದು.

ಗೌರಿಬಿದನೂರಿನ ಸದಸ್ಯ: ಮೊಟ್ಟೆ ಒಡೆದು ಗಡ್ಡೆಯ ಕೆಳಗೆ ಹಾಕಿದರೆ ಹೂ ದೊಡ್ಡದಾಗುತ್ತದೆ ಎಂಬ ವಿಡಿಯೊ ಹಾಕಿದ್ದೇನೆ, ನೋಡಿ ಮೇಡಂ.

ಸಲಹೆಗಾರರು: ನೋಡುವುದಿಲ್ಲ.

ಚಿಕ್ಕಬಳ್ಳಾಪುರದ ಬೆಳೆಗಾರ: ಮೇಡಂ, ಹುಡುಗರಿಂದ ರೋಗದ ಗಿಡಗಳನ್ನು ಕೀಳಿಸುತ್ತಿದ್ದೇನೆ. ಗಾಯವಿರುವ ಭಾಗ ಕತ್ತರಿಸಿ ನೋಡಿದರೆ ಒಳಗೂ ಕಂದು ಬಣ್ಣ ಇಳಿದಿದೆ. ಆ ಮಡಿಗೆ ಮುಂದೆ ಸ್ಟ್ರಾಬೆರಿ ಹಾಕುವ ಯೋಚನೆ ಇತ್ತು.

ಸಲಹೆಗಾರರು: ಸ್ಟ್ರಾಬೆರಿ ಖಂಡಿತ ಬೇಡ. ಅನಿಮೋನನ್ನು ಹಿಡಿಯುವ ಈ ಗುಂಪಿನ ಕೊಲೆಟೋಟ್ರೈಕಮ್ ಸ್ಟ್ರಾಬೆರಿಗೂ ಬರುತ್ತದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಡಿ ಖಾಲಿ ಇರಲಿ. ಮಾದರಿಗೆ ಸತ್ತ ಗಿಡ ಒಯ್ಯಬೇಡಿ. ಈಗಷ್ಟೇ ಮುರುಟಲು ಆರಂಭಿಸಿದ ಎರಡು ಮೂರು ಗಿಡಗಳನ್ನು ಗಡ್ಡೆ ಸಮೇತ ಎತ್ತಿ, ಮಣ್ಣು ಕೊಡವಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಬೆವತು ಬೇರೆ ಬೂಜು ಬೆಳೆಯುತ್ತದೆ, ಪರೀಕ್ಷಿಸುವವರಿಗೆ ಯಾವುದು ಮೂಲ ರೋಗ ಎಂದು ತಿಳಿಯುವುದಿಲ್ಲ. ಗಿಡ ಕೀಳುವ ಹುಡುಗರಿಗೆ ಮೊದಲು ಕೈಗವಸು ಕೊಡಿಸಿ.